ತೀವ್ರ ಹ್ರಸ್ವದೃಷ್ಟಿಯಲ್ಲಿ ಕಣ್ಣಿನ ಪ್ರೋಟೀನುಗಳು
ಹ್ರಸ್ವದೃಷ್ಟಿಯು ಕನ್ನಡಕದಿಂದ ಮುಗಿಯುವ ವಿಷಯವೆಂದು ಬಹುಮಂದಿ ಎಣಿಸುವರು. ಕನ್ನಡಕವು ಬೆಳಕನ್ನು ತಿದ್ದುವುದೇ ಹೊರತು ಕಣ್ಣನ್ನು ತಿದ್ದಲಾರದು. ಪ್ರಾಯದವರ ಕಣ್ಣುಗುಡ್ಡೆಯ ಉದ್ದವು ಸಾಧಾರಣವಾಗಿ 24 ಮಿಲಿಮೀಟರು. ದೋಷವು 6 ಡಯಾಪ್ಟರನ್ನು ಮೀರಿದಲ್ಲಿ ಅದು ಬಹುಮಟ್ಟಿಗೆ 26ನ್ನು ದಾಟಿರುತ್ತದೆ. ಈ ನೀಳತನಕ್ಕೆ ಎಡೆಗೊಡುವುದು ಶ್ವೇತಪಟಲ, ಎಂದರೆ ಕಣ್ಣಿನ ಬಿಳಿಯ ಹೊರಗೋಡೆ. ಕೊಲಾಜೆನ್ ಎಂಬ ಪ್ರೋಟೀನಿನ ಎಳೆಗಳೇ ಅದರ ಹಾಸುಹೊಕ್ಕು. ಪ್ರಾಣಿಗಳ ಮೇಲಣ ಪ್ರಯೋಗಗಳಲ್ಲಿ, ಹ್ರಸ್ವದೃಷ್ಟಿಯು ಬಲಿಯುವಾಗ ಕೊಲಾಜೆನ್ನಿನ ನಿರ್ಮಾಣವು ಕುಗ್ಗಿ, ಅದನ್ನು ಕತ್ತರಿಸುವ ಎಂಎಂಪಿ-2 ಎಂಬ ಕಿಣ್ವವು ಹೆಚ್ಚಿದುದು ಕಂಡುಬಂದಿದೆ. ಎಳೆಗಳು ಸಣ್ಣವಾದ ಗೋಡೆಯು ಒಡೆಯದು. ಒಳಗಿನ ಒತ್ತಡಕ್ಕೆ ಮೆಲ್ಲಮೆಲ್ಲನೆ ಹಿಂದಕ್ಕೆ ಜಗ್ಗುವುದು. ಅದರೊಡನೆ ಅಕ್ಷಿಪಟವೂ ಸೆಳೆಯಲ್ಪಟ್ಟು ತೆಳುವಾಗುತ್ತದೆ.

ಕಣ್ಣನ್ನು ತುಂಬಿರುವ ಗಾಜಿನಂತಹ ಲೋಳೆಗೂ ಕೊಲಾಜೆನ್ನೇ ಆಧಾರ. ಇಂತಹ ಕಣ್ಣುಗಳಲ್ಲಿ ಅದು ಬೇಗನೆ ನೀರಾಗಿ, ಹಿಂಭಾಗದಿಂದ ಬಿಡಿಸಿಕೊಳ್ಳುವಾಗ ಅಕ್ಷಿಪಟವನ್ನು ಹರಿದುಬಿಡುವುದುಂಟು.

ಹಗಲಿನ ಬಯಲಲ್ಲಿ ಹೆಚ್ಚು ಹೊತ್ತು ಕಳೆವ ಮಕ್ಕಳಲ್ಲಿ ಈ ದೋಷವು ತಲೆದೋರುವುದು ಕಡಮೆ. ಬೆಳಕಿನಿಂದ ಅಕ್ಷಿಪಟದಲ್ಲಿ ಹೆಚ್ಚುವ ಡೋಪಮೀನು ಕಣ್ಣಿನ ನೀಳ್ಬೆಳವಣಿಗೆಯನ್ನು ತಡೆಯುವುದೆಂದು ವಿದ್ವಾಂಸರ ಊಹೆ. ಮದ್ದೂರು ಸೀಮೆಯ ಬೆಸಗರಹಳ್ಳಿಯಂತಹ ಊರಿನಲ್ಲಿ ಈ ಔಷಧಕ್ಕೆ ಬೆಲೆಯಿಲ್ಲ. ಆದರೆ ಹರಿದ ಅಕ್ಷಿಪಟಕ್ಕೆ ಬಯಲು ಮದ್ದಲ್ಲ. ಮಿಂಚು ಹೊಳೆದಂತಾಗಿ ಕರಿಯ ಚುಕ್ಕೆಗಳು ಥಟ್ಟನೆ ಸುಳಿದರೆ ಅಂದೇ ವೈದ್ಯರಿಗೆ ತೋರಿಸತಕ್ಕದ್ದು. 1896ರಲ್ಲಿ ಆರಂಭವಾದ ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆಯು ಆ ಊರಿಗೆ ಎಟುಕದ ದೂರವೇನೂ ಅಲ್ಲ.