ಎಲುಬು ಮೂಡುವ ಬಗೆ: ಹಳೆಯ ಹೆಸರು, ಹೊಸ ಅರಿವು ಮತ್ತು ಮುಂಬಯಿಯ ಒಂದು ಅಧ್ಯಯನ

ಜಗದ್ದಳ ಸೋಮನಾಥನ ‘ಕರ್ಣಾಟಕ ಕಲ್ಯಾಣಕಾರಕ’, ಮಂಗರಾಜನ ‘ಖಗೇಂದ್ರಮಣಿದರ್ಪಣ’ ಮೊದಲಾದ ಕನ್ನಡ ವೈದ್ಯಗ್ರಂಥಗಳನ್ನು ಅಭ್ಯಸಿಸುವವರಿಗೆ, ಅದರಲ್ಲಿಯೂ ಅವುಗಳ ಪರಿಭಾಷೆಯನ್ನು ಅನ್ಯಭಾಷೆಗಳಿಗೆ ತರುವವರಿಗೆ, ಪದೇಪದೇ ಎದುರಾಗುವ ತೊಡಕೊಂದಿದೆ. ಹಳೆಯ ಶಬ್ದ ಹೇಳುವುದು ಒಂದು. ಇಂದಿನ ಓದುಗ ಅದರಲ್ಲಿ ಕಾಣಬಯಸುವುದು ಇನ್ನೊಂದು. ಈ ಅಂತರವನ್ನು ಸ್ಪಷ್ಟಪಡಿಸಲು ‘ಅಸ್ಥಿ’ಯಷ್ಟು ಉಪಯುಕ್ತವಾದ ನಿದರ್ಶನ ವಿರಳ. ಮಾನವ ಶರೀರದಲ್ಲಿ ಎಲುಬು ರೂಪುಗೊಳ್ಳುವ ಕ್ರಮವನ್ನು ವಿವರಿಸಿ, ಆ ಬೆಳಕಿನಲ್ಲಿ ಪರಿಭಾಷೆಯ ಪ್ರಶ್ನೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಹೆಸರುಗಳನ್ನು ಗಮನಿಸೋಣ. ಕನ್ನಡದ ‘ಎಲುಬು’ ತಮಿಳಿನ ‘ಎಲುಂಬು’, ತುಳುವಿನ ‘ಎಲು’ ಇವುಗಳ ಜ್ಞಾತಿಪದ. ‘ಮೂಳೆ’ಯ ಸಂಗತಿ ಬೇರೆ. ತಮಿಳಿನ ‘ಮೂಳೈ’ಗೆ ಮಿದುಳು, ಮಜ್ಜೆ ಎಂಬ ಅರ್ಥಗಳಿವೆ; ಮಲಯಾಳದ ‘ಮೂಳ’ ಮಿದುಳು; ತೆಲುಗಿನ ‘ಮೂಲುಗ’ ಮಜ್ಜೆ. ಸೋದರ ಭಾಷೆಗಳ ಈ ಸಾಕ್ಷ್ಯವನ್ನು ಒಟ್ಟಿಗಿಟ್ಟು ನೋಡಿದರೆ, ಕನ್ನಡದಲ್ಲಿ ಒಳಗಿನ ತಿರುಳಿನ ಹೆಸರು ಅದನ್ನು ಹೊದ್ದ ಗಟ್ಟಿ ಕವಚಕ್ಕೆ ಸಂದಂತೆ ತೋರುತ್ತದೆ. ಶಬ್ದಾರ್ಥ ಹೀಗೆ ಸ್ಥಾನಾಂತರ ಹೊಂದಬಲ್ಲುದೆಂಬುದನ್ನು ಮುಂದಿನ ಚರ್ಚೆಗಾಗಿ ನೆನಪಿನಲ್ಲಿಡಬೇಕು.

ಆಯುರ್ವೇದದ ಸಪ್ತಧಾತುಗಳಲ್ಲಿ ಅಸ್ಥಿ ಐದನೆಯದು. ಅದು ಮೇದಸ್ಸಿನಿಂದ ಹುಟ್ಟುವುದೆಂದು ಆ ಶಾಸ್ತ್ರದ ಮತ. ಚರಕಸಂಹಿತೆ 360 ಅಸ್ಥಿಗಳನ್ನು ಎಣಿಸಿದರೆ ಸುಶ್ರುತಸಂಹಿತೆ 300 ಎನ್ನುತ್ತದೆ. ಇಂದಿನ ಅಂಗರಚನಾಶಾಸ್ತ್ರದ ಪ್ರಕಾರ ವಯಸ್ಕರಲ್ಲಿ ಇರುವುದು 206. ಹಲ್ಲುಗಳನ್ನೂ ಮೃದ್ವಸ್ಥಿಗಳನ್ನೂ ಪ್ರಾಚೀನರು ಅಸ್ಥಿಗಳೊಡನೆ ಎಣಿಸಿದ್ದು ಈ ವ್ಯತ್ಯಾಸದ ಒಂದು ಮುಖ್ಯ ಕಾರಣ. ಸುಶ್ರುತನು ಅಸ್ಥಿಗಳನ್ನು ಕಪಾಲ, ರುಚಕ, ತರುಣ, ವಲಯ, ನಲಕ ಎಂದು ಐದು ಬಗೆಯಾಗಿ ವಿಂಗಡಿಸಿದ್ದಾನೆ. ಡಲ್ಹಣನ ವ್ಯಾಖ್ಯಾನದೊಡನೆ ಈ ಸಂಹಿತೆಯನ್ನು ಜಾದವಜಿ ತ್ರಿಕಮಜಿ ಆಚಾರ್ಯರು ಸಂಪಾದಿಸಿ, 1915ರಲ್ಲಿ ಮುಂಬಯಿಯ ನಿರ್ಣಯಸಾಗರ ಮುದ್ರಣಾಲಯದಿಂದ ಹೊರತಂದರು. ಮೂಗು, ಕಿವಿಗಳ ಮೆತ್ತನೆಯ ಭಾಗಗಳು ಇಲ್ಲಿ ‘ತರುಣ’ವೆನಿಸಿವೆ.

ಇನ್ನು ಆಧುನಿಕ ವಿವರಣೆ. ಭ್ರೂಣದಲ್ಲಿ ಎಲುಬು ಎರಡು ಮಾರ್ಗಗಳಲ್ಲಿ ರೂಪುಗೊಳ್ಳುತ್ತದೆ. ತಲೆಬುರುಡೆಯ ಚಪ್ಪಟೆ ಎಲುಬುಗಳು ಮತ್ತು ಮುಖದ ಬಹುಪಾಲು ಎಲುಬುಗಳು ತೆಳುವಾದ ಅಂಗಾಂಶಪೊರೆಯಲ್ಲಿ ನೇರವಾಗಿ ಮೂಡುತ್ತವೆ. ಕೈಕಾಲುಗಳ ನೀಳ ಎಲುಬುಗಳ ಕ್ರಮ ಭಿನ್ನವಾದುದು. ಅಲ್ಲಿ ಮೊದಲು ಮೃದ್ವಸ್ಥಿಯ ಒಂದು ಅಚ್ಚು ಸಿದ್ಧವಾಗುತ್ತದೆ. ಗರ್ಭದ ಎಂಟನೆಯ ವಾರದ ಸುಮಾರಿಗೆ ಅದರ ನಡುಭಾಗವನ್ನು ರಕ್ತನಾಳಗಳು ಹೊಗುತ್ತವೆ. ಅವುಗಳೊಡನೆ ಬಂದ ಆಸ್ಟಿಯೋಬ್ಲಾಸ್ಟ್ ಎಂಬ ಜೀವಕೋಶಗಳು ಆ ಅಚ್ಚನ್ನು ಕ್ರಮೇಣ ಎಲುಬಿನಿಂದ ತುಂಬುತ್ತವೆ.

ಈ ಕಟ್ಟುವಿಕೆಗೆ ಎರಡು ಹಂತಗಳಿವೆ. ಆಸ್ಟಿಯೋಬ್ಲಾಸ್ಟ್‌ಗಳು ಮೊದಲು ಕೊಲಾಜೆನ್ ಎಂಬ ಸಸಾರಜನಕ ನಾರಿನ ಹಂದರವನ್ನು ಹೆಣೆಯುತ್ತವೆ. ಬಳಿಕ ಆ ಹಂದರದಲ್ಲಿ ಕ್ಯಾಲ್ಸಿಯಂ ಮತ್ತು ರಂಜಕದ ಲವಣವು ಹರಳುಗಟ್ಟುತ್ತದೆ. ನಾರು ಬಾಗುವ ಗುಣವನ್ನೂ ಲವಣ ಗಡಸುತನವನ್ನೂ ಕೊಡುತ್ತವೆ. ಜನನಾನಂತರ ನೀಳ ಎಲುಬಿನ ತುದಿಗಳ ಬಳಿ ಮೃದ್ವಸ್ಥಿಯ ಒಂದು ತೆಳು ಫಲಕ ಉಳಿದುಕೊಳ್ಳುತ್ತದೆ. ಮಗು ಎತ್ತರವಾಗುವುದು ಈ ಫಲಕದ ಬೆಳವಣಿಗೆಯಿಂದಲೇ. ಹದಿಹರೆಯದ ಕೊನೆಯ ಹೊತ್ತಿಗೆ, ಹುಡುಗಿಯರಲ್ಲಿ ತುಸು ಮೊದಲು, ಫಲಕವೂ ಎಲುಬಾಗಿ ಮಾರ್ಪಟ್ಟು ಎತ್ತರ ನಿಲ್ಲುತ್ತದೆ. ಆದರೆ ಕೆಲಸ ನಿಲ್ಲುವುದಿಲ್ಲ. ಹಳೆಯದನ್ನು ಕರಗಿಸುವ ಆಸ್ಟಿಯೋಕ್ಲಾಸ್ಟ್ ಜೀವಕೋಶಗಳೂ ಹೊಸತನ್ನು ಕಟ್ಟುವ ಜೀವಕೋಶಗಳೂ ಜೀವಿತಾಂತ್ಯದವರೆಗೆ ದುಡಿಯುತ್ತವೆ.

ಇಷ್ಟನ್ನು ತಿಳಿದ ಓದುಗನಿಗೆ ‘ತರುಣಾಸ್ಥಿ’ ಎಂಬ ಹೆಸರು ಅಚ್ಚರಿ ತರಬಹುದು. ಮೃದ್ವಸ್ಥಿಯೇ ಎಲುಬಿನ ಎಳೆಯ ರೂಪವೆಂದು ಸುಶ್ರುತನು ಅರಿತಿದ್ದನೆಂದು ಸಾಧಿಸುವ ಆಸೆಯೂ ಹುಟ್ಟಬಹುದು. ಅದು ಸಲ್ಲದು. ಅವನು ಉದಾಹರಿಸುವ ಮೂಗು, ಕಿವಿಗಳ ಮೃದ್ವಸ್ಥಿ ಸಾಮಾನ್ಯವಾಗಿ ಎಲುಬಾಗಿ ಬಲಿಯುವುದೇ ಇಲ್ಲ. ಅಲ್ಲಿ ‘ತರುಣ’ ಎಂಬುದು ಮುಟ್ಟಿದರೆ ತಿಳಿಯುವ ಮೆತ್ತನೆಯ ಗುಣವನ್ನು ಸೂಚಿಸುತ್ತದೆ, ಬೆಳವಣಿಗೆಯ ಕ್ರಮವನ್ನಲ್ಲ. ಆದುದರಿಂದ ಅನುವಾದಕರು ‘ತರುಣಾಸ್ಥಿ’ಯನ್ನು ಹಾಗೆಯೇ ಉಳಿಸಿಕೊಂಡು, ಆಧುನಿಕ ಅರ್ಥಕ್ಕೆ ‘ಮೃದ್ವಸ್ಥಿ’ಯನ್ನು ಬಳಸುವುದು ಯುಕ್ತ. ಕಣ್ಣಿಗೆ ಕಂಡದ್ದನ್ನು ಶಿಸ್ತಾಗಿ ವಿಂಗಡಿಸಿದ ಗೌರವ ಸುಶ್ರುತನಿಗೆ ಸಲ್ಲಲಿ. ಕಾಣದ್ದನ್ನು ಕಂಡನೆಂಬ ಕೀರ್ತಿಯ ಅಗತ್ಯ ಅವನಿಗಿಲ್ಲ.

ಹಂದರವಿದ್ದೂ ಲವಣ ಕೂಡದಿದ್ದರೆ ಏನಾಗುವುದೆಂಬುದನ್ನು ರಿಕೆಟ್ಸ್ ರೋಗ ತೋರಿಸುತ್ತದೆ. ಈ ರೋಗದಲ್ಲಿ ಮಕ್ಕಳ ಬೆಳವಣಿಗೆಯ ಫಲಕ ಗಟ್ಟಿಯಾಗದೆ ಅಗಲವಾಗುತ್ತದೆ, ಕಾಲುಗಳು ಬಿಲ್ಲಿನಂತೆ ಬಾಗುತ್ತವೆ. ಮುಂಬಯಿ ನಗರದಲ್ಲಿ ಈ ರೋಗದ ಕಾರಣಗಳನ್ನು ಕುರಿತು ಹಚಿಸನ್ ಮತ್ತು ಪಟೇಲ್ ನಡೆಸಿದ ಅಧ್ಯಯನ 1921ರಲ್ಲಿ ಗ್ಲಾಸ್ಗೋದ ವೈದ್ಯಪತ್ರಿಕೆಯಲ್ಲಿ ಪ್ರಕಟವಾಯಿತು. ಮರುವರ್ಷ ಹಚಿಸನ್ ಮತ್ತು ಶಾ ನಾಸಿಕದ ಅಧ್ಯಯನವನ್ನು ಪ್ರಕಟಿಸಿದರು. ಅಲ್ಲಿ ಕಂಡದ್ದು ಅಂದಿನ ತಿಳಿವಳಿಕೆಗೆ ವಿರುದ್ಧವಾಗಿತ್ತು. ಉಂಡುಟ್ಟು ಸುಖವಾಗಿದ್ದರೂ ಪರದೆಯ ಪದ್ಧತಿಯಿಂದ ಮನೆಯೊಳಗೇ ಇರುತ್ತಿದ್ದ ಕುಟುಂಬಗಳ ಕೂಸುಗಳಲ್ಲಿ ರೋಗವಿತ್ತು. ಆಹಾರ ಸಾಲದಿದ್ದರೂ ಬಿಸಿಲಿನಲ್ಲಿ ಬೆಳೆದ ಬಡವರ ಮಕ್ಕಳಲ್ಲಿ ಇರಲಿಲ್ಲ. ಬರ್ಲಿನ್ನಿನಲ್ಲಿ ಹುಲ್ಡ್‌ಶಿನ್ಸ್ಕಿ 1919ರಲ್ಲಿಯೇ ನೇರಳಾತೀತ ಕಿರಣದ ದೀಪದಿಂದ ಈ ರೋಗವನ್ನು ವಾಸಿಮಾಡಿ ತೋರಿಸಿದ್ದನು. ಆ ಕಿರಣಗಳಿಂದ ಚರ್ಮದಲ್ಲಿ ‘ಡಿ’ ಜೀವಸತ್ತ್ವ ಉಂಟಾಗುತ್ತದೆ. ಕರುಳು ಆಹಾರದ ಕ್ಯಾಲ್ಸಿಯಮ್ಮನ್ನು ಸಾಕಷ್ಟು ಹೀರಿಕೊಳ್ಳಲು ಅದು ಬೇಕು.

ಈ ವಿಷಯ ಮುಂಬಯಿ ಕನ್ನಡಿಗರ ಚರಿತ್ರೆಗೆ ಹೊರತಾದುದಲ್ಲ. ಕರಾವಳಿಯಿಂದ ಎಳವೆಯಲ್ಲಿಯೇ ಈ ನಗರಕ್ಕೆ ಬಂದು, ಹಗಲೆಲ್ಲ ಹೋಟೆಲುಗಳ ಒಳಗೆ ದುಡಿದು, ಕನ್ನಡ ರಾತ್ರಿಶಾಲೆಗಳಲ್ಲಿ ಓದಿದ ಹುಡುಗರ ತಲೆಮಾರುಗಳನ್ನು ಇಲ್ಲಿನ ಸಾಹಿತ್ಯ ಬಲ್ಲುದು. ಅವರ ದುಡಿಮೆಯ ವಯಸ್ಸು ನೀಳ ಎಲುಬುಗಳು ಶೀಘ್ರವಾಗಿ ಬೆಳೆಯುವ ವಯಸ್ಸೇ ಆಗಿತ್ತು. ಆ ಬಾಳುವೆಯ ಕಥೆಗಳನ್ನು ಓದುವ ಸಂಶೋಧಕರು ಕೂಲಿ, ಊಟ, ಓದುಗಳೊಡನೆ ಬಿಸಿಲನ್ನೂ ಲೆಕ್ಕಕ್ಕೆ ತಂದುಕೊಳ್ಳಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡ ಕವಿಯುವ, ಎತ್ತರದ ಕಟ್ಟಡಗಳ ನಡುವೆ ಅಂಗಳವೇ ಇಲ್ಲದ ಇಂದಿನ ಉಪನಗರಗಳಲ್ಲಿಯೂ ಆ ಪ್ರಶ್ನೆ ಉಳಿದಿದೆ. ಬಾಗಿದ ಕಾಲನ್ನು ಹಣೆಬರಹವೆಂದುಕೊಳ್ಳುವ ತಾಯಿಗೆ ಅದು ಆರಂಭದಲ್ಲಿಯೇ ಕಂಡುಬಂದರೆ ಬಹುಮಟ್ಟಿಗೆ ಸರಿಹೋಗುವ ಕೊರತೆಯೆಂದು ಅವಳ ಮಾತಿನಲ್ಲಿಯೇ ತಿಳಿಸಬಲ್ಲ ಕನ್ನಡ ನಮಗೆ ಬೇಕು. ಪರಿಭಾಷೆಯ ಶುದ್ಧಿಯನ್ನು ಕುರಿತ ನಮ್ಮ ಚರ್ಚೆಗಳಿಗೆ ಅರ್ಥ ಬರುವುದು ಅಲ್ಲಿ.