ಪಾಸು ಬೇಕೋ, ಟಿಕೀಟು ಸಾಕೋ? ಬೆಂಗಳೂರಿನ ಎರಡು ದಿನಗಳ ಲೆಕ್ಕ



ದೀಪಾವಳಿಯ ಗದ್ದಲ ಮುಗಿದು ಅಂಗಡಿ ತಣ್ಣಗಾದ ಮೇಲೆ ನಮ್ಮ ಜತ್ತ ತಾಲೂಕಿನ ಕಡೆಯ ಕುಟುಂಬಗಳು ನಾಲ್ಕು ದಿನ ಊರು ಬಿಟ್ಟು ತಿರುಗಾಡಿ ಬರುವ ರೂಢಿಯುಂಟು. 2025ರ ನವೆಂಬರಿನಲ್ಲಿ ನಾವೂ ಹೊರಟೆವು. ನಾವು, ನಮ್ಮ ಮನೆಯವರು, ಕಾಲೇಜಿಗೆ ಹೋಗುವ ಮೊಮ್ಮಗ, ಅವನ ತಂಗಿ, ಹೀಗೆ ನಾಲ್ವರು. ಬಿಳೂರಿನಿಂದ ವಿಜಯಪುರಕ್ಕೆ ಬಂದು ಸಂಜೆಯ ಗೋಲಗುಂಬಜ್ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗಿಗೆ ಬೆಂಗಳೂರು. ಚಿಕ್ಕಪೇಟೆಯ ಹತ್ತಿರದ ಒಂದು ಧರ್ಮಶಾಲೆಯಲ್ಲಿ ಎರಡು ದಿನದ ಇಳಿವು. ಅಲ್ಲಿ ಸಂಜೆ ಐದರಿಂದ ಹೊತ್ತು ಮುಳುಗುವವರೆಗೆ ಊಟ. ನಮ್ಮ ಮನೆಯವರು ರಾತ್ರಿಭೋಜನ ತ್ಯಾಗ ಮಾಡಿ ಬಹಳ ವರ್ಷಗಳಾದವು. ಹೊತ್ತು ಮುಳುಗಿದ ಮೇಲೆ ಅವರಿಗೆ ನೀರೂ ಇಲ್ಲ. ಈ ಮಾತನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ.

ಬೆಂಗಳೂರಿನಲ್ಲಿ ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ ಎಂದು ಊರಲ್ಲೇ ಕೇಳಿದ್ದೆವು. ಮೊದಲ ಬಸ್ಸಿನಲ್ಲೇ ಕಂಡಕ್ಟರರು, "ಅಜ್ಜಿ, ಆಧಾರ್ ತೋರಿಸಿ" ಎಂದರು. ತೋರಿಸಿದರೆ ವಿಳಾಸ ಮಹಾರಾಷ್ಟ್ರದ್ದು. "ನಾವೂ ಕನ್ನಡದವರ ಅದೀವ್ರಿ" ಎಂದು ಮನೆಯವರು ಹೇಳಿದರು. ಕಂಡಕ್ಟರರು ನಕ್ಕು ಟಿಕೀಟು ಹರಿದರು. ಅವರದೇನೂ ತಪ್ಪಿಲ್ಲ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆ ಕರ್ನಾಟಕದ ನಿವಾಸಿಗಳಿಗೆ ಮಾತ್ರ. ನಮ್ಮ ಎಸ್.ಟಿ.ಯಲ್ಲಿ 2023ರ ಮಾರ್ಚಿನಿಂದ ಹೆಣ್ಣುಮಕ್ಕಳಿಗೆ ಅರ್ಧ ಟಿಕೀಟು ಉಂಟು, ಆದರೆ ಅದು ಮಹಾರಾಷ್ಟ್ರದ ಗಡಿಯವರೆಗೆ. ಗಡಿನಾಡಿನವರ ಬಾಳೇ ಹೀಗೆ, ಮಾತು ಒಂದು ಕಡೆ, ಕಾರ್ಡು ಇನ್ನೊಂದು ಕಡೆ. ಆದ್ದರಿಂದ ನಮ್ಮ ಕಡೆಯ ತಾಯಂದಿರು ಅಲ್ಲಿಗೆ ಹೋಗುವಾಗ ಬಸ್ಸಿನ ಖರ್ಚನ್ನು ಲೆಕ್ಕದಲ್ಲಿ ಹಿಡಿಯಬೇಕು.

ಆಗ ಮೊಮ್ಮಗ, "ಅಜ್ಜಾ, ದಿನದ ಪಾಸು ತಗೊಳ್ಳೋಣು, ಎಲ್ಲಿ ಬೇಕಾದಲ್ಲಿ ಹತ್ತಿ ಇಳಿಯಬಹುದು" ಎಂದ. 2025ರ ಜನವರಿಯ ದರದಂತೆ ಬಿ.ಎಂ.ಟಿ.ಸಿ. ಸಾದಾ ಬಸ್ಸಿನ ದಿನದ ಪಾಸಿಗೆ 80 ರೂಪಾಯಿ, ವಜ್ರ ಎಂಬ ಎ.ಸಿ. ಬಸ್ಸಿನದಕ್ಕೆ 140. ಬಂದದ್ದೇ ಬಂದೆವು, ತಣ್ಣಗೆ ಕುಳಿತು ತಿರುಗೋಣವೆಂದು ನಾಲ್ಕು ವಜ್ರ ಪಾಸು, ಒಟ್ಟು 560 ರೂಪಾಯಿ ಕೊಟ್ಟು ತೆಗೆದೆವು.

ನಲವತ್ತು ವರ್ಷ ಕಿರಾಣಿ ವ್ಯಾಪಾರ ಮಾಡಿದವರು ನಾವು. ಗಿರಾಕಿಗೆ ಎರಡು ಕಿಲೋ ಬೇಳೆ ಬೇಕಾಗಿದ್ದಾಗ ಅಗ್ಗವೆಂದು ಚೀಲ ಹೊರಿಸಬಾರದು ಎಂಬುದು ನಮಗೆ ತಿಳಿಯದ್ದಲ್ಲ. ಪಾಸು ಎಂದರೆ ಚೀಲದ ಮಾಲೇ. ಬೇಳೆಯಾದರೆ ತಿಂಗಳು ಇಟ್ಟು ತಿನ್ನಬಹುದು, ಪಾಸು ಮಧ್ಯರಾತ್ರಿಗೆ ಕೆಡುತ್ತದೆ. ತಿಳಿದೂ ತಿಳಿದೂ ಕೊಂಡೆವು.

ಮೊದಲು ವಿಧಾನಸೌಧಕ್ಕೆ ಹೋದೆವು. ಕೆಂಗಲ್ ಹನುಮಂತಯ್ಯನವರು ಕಟ್ಟಿಸಿದ, 1956ರಲ್ಲಿ ಮುಗಿದ ಆ ಕಲ್ಲಿನ ಕಟ್ಟಡವನ್ನು ಹೊರಗಿನಿಂದ ನೋಡಿಯೇ ಕಣ್ಣು ತುಂಬಿತು. ಅಲ್ಲಿಂದ ಕಬ್ಬನ್ ಪಾರ್ಕಿನ ನೆರಳಿನಲ್ಲಿ ನಡೆಯುತ್ತ ವಿಶ್ವೇಶ್ವರಯ್ಯ ಮ್ಯೂಸಿಯಂ ಸೇರಿದೆವು. ಮಕ್ಕಳು ಅಲ್ಲಿಂದ ಏಳಲೇ ಒಲ್ಲರು. ಒಂದು ಗಂಟೆಗೆ ಹೊರಗೆ ಬಂದು ಲೆಕ್ಕ ಹಾಕಿದರೆ, ನಾಲ್ಕು ಪಾಸಿನ ಮೇಲೆ ಆದದ್ದು ಒಂದೇ ಪ್ರಯಾಣ, ಅದೂ ಎರಡು-ಮೂರು ಕಿಲೋಮೀಟರ್. ಅಷ್ಟು ದೂರಕ್ಕೆ ಸಾದಾ ಬಸ್ಸಿನ ಟಿಕೀಟು 12 ರೂಪಾಯಿ. ವ್ಯಾಪಾರಿಯ ಜೀವ ಚುರ್ರೆಂದಿತು.

ವಸೂಲು ಮಾಡಲೇಬೇಕೆಂದು ವೈಟ್‌ಫೀಲ್ಡಿನ ಕಡೆಗೆ ಹೊರಟೆವು. ಅಲ್ಲಿ ತಮ್ಮನ ಮಗನ ಮನೆಯಿದೆ. ನಿಲ್ದಾಣದಲ್ಲಿ ಮೂರು ಸಾದಾ ಬಸ್ಸು ಮುಂದೆ ಹೋದವು. ನಮ್ಮದು ಎ.ಸಿ. ಪಾಸೆಂದು ಬಿಗುವಿನಿಂದ ಕಾದೆವು. ವಜ್ರ ಪಾಸು ಸಾದಾ ಬಸ್ಸಿಗೂ ನಡೆಯುತ್ತದೆ, ಸಾದಾ ಪಾಸು ಮಾತ್ರ ವಜ್ರಕ್ಕೆ ನಡೆಯದು ಎಂದು ಆಮೇಲೆ ಒಬ್ಬರು ಹೇಳಿದರು. ವೈಟ್‌ಫೀಲ್ಡಿಗೆ 2023ರ ಅಕ್ಟೋಬರಿನಿಂದ ಮೆಟ್ರೋ ನೇರವಾಗಿ ಹೋಗುತ್ತದೆ. ಆದರೆ ಬಸ್ಸಿನ ಪಾಸು ಮೆಟ್ರೋಕ್ಕೆ ನಡೆಯುವುದಿಲ್ಲ, ಪಾಸು ಕೈಯಲ್ಲಿಟ್ಟುಕೊಂಡು ಬೇರೆ ಟಿಕೀಟು ತೆಗೆಯಲು ಮನಸ್ಸು ಬರಲಿಲ್ಲ.

ನಾಲ್ಕು ಗಂಟೆಗೆ ತಿರುಗಿ ಹೊರಟಾಗ ತಮ್ಮನ ಮಗ, "ಕಾಕಾ, ಕಾಕು ಇಲ್ಲೇ ಊಟ ಮುಗಿಸಲಿ, ಆಮ್ಯಾಲೆ ಹೋಗ್ರಿ" ಎಂದು ಬಹಳ ಹೇಳಿದ. "ಐದೂವರೆಗೆ ಮುಟ್ಟತೀವಿ ತಗೋ" ಎಂದು ನಾವೇ ಬೇಡವೆಂದೆವು. ಮಾರತ್‌ಹಳ್ಳಿಯ ಹತ್ತಿರ ಬಸ್ಸು ನಿಂತದ್ದು ನಿಂತೇ ಇತ್ತು. ನವೆಂಬರಿನ ಹೊತ್ತು, ಆರರ ಒಳಗೇ ಮುಳುಗುತ್ತದೆ. ಕಿಟಕಿಯಲ್ಲಿ ಬೆಳಕು ಕೆಂಪಾಗುವುದನ್ನು ಮನೆಯವರು ಸುಮ್ಮನೆ ನೋಡುತ್ತಿದ್ದರು. ಬಾಟಲಿಯಲ್ಲಿದ್ದ ಎರಡು ಗುಟುಕು ನೀರು ಕುಡಿದು ಕೈಮುಗಿದರು. ಧರ್ಮಶಾಲೆ ಮುಟ್ಟಿದಾಗ ಏಳೂವರೆ. ಮಕ್ಕಳು ಹೊರಗೆ ಏನೋ ತಿಂದರು, ನಮಗೆ ತುತ್ತು ಇಳಿಯಲಿಲ್ಲ. ಮಲಗುವ ಮುಂದೆ ಮನೆಯವರು ಕೇಳಿದ್ದು ಒಂದೇ ಮಾತು: "ಪಾಸಿನ ರೊಕ್ಕ ತೀರಿತೇನ್ರಿ?"

ಮರುದಿನ ಪಾಸಿನ ಹೆಸರೆತ್ತಲಿಲ್ಲ. ಬೆಳಿಗ್ಗೆ ಚಿಕ್ಕಪೇಟೆಯ ಬಸದಿಗೆ ನಡೆದೇ ಹೋಗಿ ದರ್ಶನ ಮಾಡಿ, ಫಲಾಹಾರ ಮುಗಿಸಿ, ಚಿಕ್ಕಪೇಟೆ ನಿಲ್ದಾಣದಿಂದ ಮೆಟ್ರೋದಲ್ಲಿ ಲಾಲ್‌ಬಾಗಿಗೆ ಹೋದೆವು. ನಡುವೆ ಎರಡೇ ನಿಲ್ದಾಣ. ಮೆಟ್ರೋಕ್ಕೂ ಒಂದು, ಮೂರು, ಐದು ದಿನದ ಪಾಸುಗಳುಂಟು. ಒಂದು ದಿನದ್ದಕ್ಕೆ ಇನ್ನೂರರ ಮೇಲೆ. ನಾಲ್ವರೂ ಹೋಗಿ ಬಂದ ಖರ್ಚೆಲ್ಲ ಕೂಡಿ ಇನ್ನೂರು ದಾಟಲಿಲ್ಲ. ಹೈದರಾಲಿ 1760ರಲ್ಲಿ ಹಾಕಿಸಿದ ತೋಟ, 1889ರ ಗಾಜಿನ ಮನೆ, ಸುಮಾರು 300 ಕೋಟಿ ವರ್ಷದ ಹಳೆಯ ಬಂಡೆಗಲ್ಲು, ಎಲ್ಲವನ್ನೂ ಸಾವಕಾಶ ನೋಡಿದೆವು. ಮನೆಯವರು ಒಂದು ಮರದ ಕೆಳಗೆ ಎರಡು ತಾಸು ಕುಳಿತರು. ಯಾವ ಪಾಸಿನ ಅವಸರವೂ ಇರಲಿಲ್ಲ.

ಪಾಸು ಎಲ್ಲೆಲ್ಲೂ ಲುಕ್ಸಾನೆಂದು ನಮ್ಮ ಮಾತಲ್ಲ. ಮುಂಬಯಿಯ ಲೋಕಲ್ ರೈಲಿಗೆ ಒಂದು, ಮೂರು, ಐದು ದಿನದ ಟೂರಿಸ್ಟ್ ಟಿಕೀಟು ಉಂಟು. ಬೋರಿವಲಿಯಲ್ಲಿ ಇಳಿದುಕೊಂಡು ದಿನಾಲು ಚರ್ಚ್‌ಗೇಟಿನತ್ತ ಹೋಗಿ ಬರುವವರಿಗೆ, ಟಿಕೀಟಿನ ಸಾಲಿನಲ್ಲಿ ನಿಲ್ಲುವುದು ತಪ್ಪುವುದೂ ಒಂದು ಲಾಭ. ಬೆಂಗಳೂರಿನಲ್ಲಿಯೂ ದಿನಕ್ಕೆ ಆರೇಳು ಸಲ ಬಸ್ಸು ಹತ್ತಿ ಇಳಿಯುವ ಹುಡುಗರಿಗೆ 80 ರೂಪಾಯಿಯ ಪಾಸು ಅಗ್ಗವೇ. ಗುರುತಿನ ಚೀಟಿ ಮಾತ್ರ ಜೊತೆಗಿರಲಿ, ಒಬ್ಬರ ಪಾಸು ಇನ್ನೊಬ್ಬರಿಗೆ ನಡೆಯದು. ಆದರೆ ಪಾಸಿನ ದಿನ ಮಧ್ಯರಾತ್ರಿಯವರೆಗೆ, ನಮ್ಮ ಮನೆಗಳ ದಿನ ಸೂರ್ಯಾಸ್ತದವರೆಗೆ. ವ್ರತದವರು, ಮಂಡಿನೋವಿನವರು ಜೊತೆಗಿದ್ದರೆ ಮೊದಲು ಸಂಜೆಯ ಊಟದ ಜಾಗ ಮತ್ತು ವೇಳೆ ಗೊತ್ತುಮಾಡಿ, ಅಲ್ಲಿಂದ ಹಿಂದಕ್ಕೆ ಎಣಿಸಿ ಎಷ್ಟು ಪ್ರಯಾಣ ಆದಾವು ನೋಡಬೇಕು. ನಮಗೆ ಮೂರಕ್ಕಿಂತ ಹೆಚ್ಚು ಆಗಲಿಲ್ಲ.

ಎರಡನೆಯ ದಿನ ಐದು ಗಂಟೆಗೆ ಸರಿಯಾಗಿ ಪಂಕ್ತಿಯಲ್ಲಿ ಕುಳಿತೆವು. ಬಿಸಿ ಚಪಾತಿ, ಹೆಸರುಬೇಳೆಯ ತೊವ್ವೆ. ಮನೆಯವರು ಇನ್ನೊಂದು ಚಪಾತಿ ಹಾಕಿಸಿಕೊಂಡರು.