ಭೂತಾನದ ಅಡಿಕೆ, ಅಮೆರಿಕದ ವೀಸಾ ಮತ್ತು ಹೆಗ್ಗೋಡು

ಪ್ಲೇಸ್‌ಮೆಂಟ್ ತಯಾರಿ ಎಂದು ನಮಗೆ ಆಗಾಗ ಗ್ರೂಪ್ ಡಿಸ್ಕಷನ್ ಇರುತ್ತದೆ. ಯುದ್ಧ, ಕೃತಕ ಬುದ್ಧಿಮತ್ತೆ, ಎಚ್‌1ಬಿ ವೀಸಾ, ಹೀಗೆ ವಿಷಯಗಳು. 2025ರ ಸೆಪ್ಟೆಂಬರ್‌ನಲ್ಲಿ ಅಮೆರಿಕ ಹೊಸ ಎಚ್‌1ಬಿ ಅರ್ಜಿಗೆ 1 ಲಕ್ಷ ಡಾಲರ್ ಶುಲ್ಕ ಘೋಷಿಸಿದ ಮೇಲಂತೂ ಅದೇ ಮಾತು. ಆದರೆ ಮಾತಾಡುವವರು ಇಂಗ್ಲಿಷ್ ಸಲೀಸಾಗಿ ಬರುವ ನಾಲ್ಕೈದು ಮಂದಿ ಮಾತ್ರ. ನಮ್ಮಂಥವರು ಮನಸ್ಸಿನಲ್ಲೇ ವಾಕ್ಯ ಜೋಡಿಸುವಷ್ಟರಲ್ಲಿ ಚರ್ಚೆ ಮುಂದೆ ಹೋಗಿರುತ್ತದೆ. ಹೀಗೇ ಸುಮ್ಮನೆ ಕೂತು ಕೂತು, ಜಗತ್ತಿನ ರಾಜಕೀಯ ನಮ್ಮ ವಿಷಯವೇ ಅಲ್ಲ ಅನ್ನಿಸಿಬಿಡುತ್ತದೆ.

ನಮ್ಮೂರು ಉಳವಿ. ಚೆನ್ನಬಸವಣ್ಣನ ಉಳವಿಯಾ ಎಂದು ಎಲ್ಲರೂ ಕೇಳುತ್ತಾರೆ. ಅದು ಜೋಯಿಡಾದ್ದು, ನಮ್ಮದು ಸೊರಬ ತಾಲ್ಲೂಕಿನದು. ಸಾಗರಕ್ಕೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದರೆ ಹೆಗ್ಗೋಡು. ಅಲ್ಲಿನ ನೀನಾಸಂ ನಡೆಸಿಕೊಂಡು ಬಂದಿರುವ ಸಂಸ್ಕೃತಿ ಶಿಬಿರಕ್ಕೆ ದೇಶದ ಬೇರೆ ಬೇರೆ ಕಡೆಯ ಲೇಖಕರು, ಚಿಂತಕರು ಬರುತ್ತಾರೆ. ಹಗಲು ಉಪನ್ಯಾಸ, ಸಂಜೆ ಶಿವರಾಮ ಕಾರಂತ ರಂಗಮಂದಿರದಲ್ಲಿ ನಾಟಕ, ಮರುದಿನ ಬೆಳಿಗ್ಗೆ ಆ ನಾಟಕದ ಮೇಲೆ ಚರ್ಚೆ. ಬಂದವರು ಇಂಗ್ಲಿಷಿನಲ್ಲಿ ಮಾತಾಡಿದರೂ ಅದರ ಸಾರ ಕನ್ನಡದಲ್ಲಿ ಸಿಗುತ್ತದೆ. ಪ್ರಶ್ನೆಯನ್ನೂ ಕನ್ನಡದಲ್ಲೇ ಕೇಳಬಹುದು.

ಇದು ಇವತ್ತಿನ ಅಭ್ಯಾಸವಲ್ಲ. 1949ರಲ್ಲಿ ಊರಿನವರು ಸೇರಿ ಕಟ್ಟಿದ ನಾಟಕ ಸಂಘ ಅದು. ಅದನ್ನು ಬೆಳೆಸಿದ ಕೆ.ವಿ. ಸುಬ್ಬಣ್ಣ ಸ್ವತಃ ಅಡಿಕೆ ತೋಟದವರು. ಕುರೊಸಾವಾ, ಡಿ ಸಿಕಾ, ಸತ್ಯಜಿತ್ ರಾಯ್ ಅವರ ಸಿನಿಮಾಗಳನ್ನು ಹಳ್ಳಿಯವರಿಗೆ ತೋರಿಸಿದರು, ಬ್ರೆಕ್ಟ್‌ನನ್ನು ಕನ್ನಡಕ್ಕೆ ತಂದರು. 1991ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಶಿಬಿರದ ಚರ್ಚೆಗಳನ್ನು ವರ್ಷಗಟ್ಟಲೆ ಮುನ್ನಡೆಸಿದ ಯು.ಆರ್. ಅನಂತಮೂರ್ತಿ ಇಂಗ್ಲಿಷ್ ಪ್ರಾಧ್ಯಾಪಕರು. ಬರ್ಮಿಂಗ್‌ಹ್ಯಾಮ್‌ನಲ್ಲಿ ಪಿಎಚ್‌.ಡಿ. ಮಾಡಿದವರು, ಬರೆದದ್ದು ಕನ್ನಡದಲ್ಲಿ. 2013ರ ಮ್ಯಾನ್ ಬೂಕರ್ ಅಂತರರಾಷ್ಟ್ರೀಯ ಪ್ರಶಸ್ತಿಯ ಅಂತಿಮ ಪಟ್ಟಿಯಲ್ಲಿ ಅವರ ಹೆಸರಿತ್ತು.

ಎಲ್ಲ ಚರ್ಚೆಯೂ ನಮಗೆ ದಕ್ಕುತ್ತದೆ ಅಂತೇನಿಲ್ಲ. ‘ಪ್ರಭುತ್ವ’, ‘ಕಥನ’ ಎಂಬ ಪದಗಳು ಸಾಲಾಗಿ ಬಂದರೆ ನನಗೆ ಕಣ್ಣು ಎಳೆಯುತ್ತದೆ. ಪ್ರಶ್ನೆ ಕೇಳಲು ಎದ್ದು ಭಾಷಣವನ್ನೇ ಮಾಡಿ ಕೂರುವವರೂ ಇದ್ದಾರೆ. ಆದರೂ ಗಡಿ, ವಲಸೆ ಎಂಬ ಮಾತು ಬಂದಾಗ ನನ್ನೊಳಗೆ ಇದ್ದದ್ದು ಹೊರಗೆ ಬಂತು.

2022ರಲ್ಲಿ ಕೇಂದ್ರ ಸರ್ಕಾರ ಭೂತಾನದಿಂದ ವರ್ಷಕ್ಕೆ 17 ಸಾವಿರ ಟನ್ ಹಸಿ ಅಡಿಕೆಯನ್ನು ಕನಿಷ್ಠ ಆಮದು ಬೆಲೆಯ ಷರತ್ತಿಲ್ಲದೆ ತರಲು ಒಪ್ಪಿಗೆ ಕೊಟ್ಟಿತು. ನಮ್ಮ ಮನೆಯಲ್ಲಿ ಅವತ್ತಿನಿಂದ ಭೂತಾನ ಅಂದರೆ ಬೈಗುಳ. ಚಹಾದ ಹೊತ್ತಿನಲ್ಲಿ ಒಬ್ಬ ಲೇಖಕರ ಹತ್ತಿರ ಹೋಗಿ ಕೇಳಿದೆ: ‘ಸರ್, ಅಪ್ಪಯ್ಯ ಅಡಿಕೆಗೆ ಗಡಿ ಮುಚ್ಚಲಿ ಅಂತಾರೆ. ನಾನು ಎಂಜಿನಿಯರ್‌ಗೆ ಅಮೆರಿಕದ ಗಡಿ ತೆರೆದಿರಲಿ ಅಂತೀನಿ. ಒಂದೇ ಮನೆಯಲ್ಲಿ ಎರಡೂ ನ್ಯಾಯ ಆಗುತ್ತಾ?’

ಅವರು ಉತ್ತರ ಕೊಡಲಿಲ್ಲ. ‘ಭೂತಾನದಲ್ಲೂ ಒಬ್ಬ ಅಪ್ಪಯ್ಯ ಇರಬೇಕಲ್ಲ, ಅವರ ಮಗ ಏನು ಓದ್ತಿರಬಹುದು?’ ಎಂದು ನನ್ನನ್ನೇ ಕೇಳಿದರು. ಪಕ್ಕದಲ್ಲಿದ್ದ ನಿವೃತ್ತ ಮೇಷ್ಟ್ರೊಬ್ಬರು ಬಿಡಲಿಲ್ಲ. ‘ಮನುಷ್ಯನೂ ಸರಕೂ ಒಂದೇ ಅಲ್ಲ ಸ್ವಾಮಿ. ಅಡಿಕೆಗೆ ಹಸಿವಾಗಲ್ಲ’ ಅಂದರು. ‘ಅಡಿಕೆ ಬೆಳೆದವನಿಗೆ ಹಸಿವಾಗುತ್ತಲ್ಲ’ ಎಂದು ಲೇಖಕರು ಅಂದರು. ಚಹಾ ಆರಿತು, ಗಂಟೆ ಹೊಡೆದರು, ಮಾತು ನಿಲ್ಲಲಿಲ್ಲ. ಅಷ್ಟು ಹೊತ್ತು ನಾನೂ ಮಾತಾಡಿದೆ. ಒಂದು ಸಲವೂ ವಾಕ್ಯ ಹುಡುಕಬೇಕಾಗಲಿಲ್ಲ.

ಮನೆಗೆ ಬಂದು ಅಪ್ಪಯ್ಯನಿಗೆ ಭೂತಾನದ ಅಪ್ಪಯ್ಯನ ವಿಷಯ ಹೇಳಿದೆ. ಅವರು ಕವಳ ಹಾಕುತ್ತಾ ಸ್ವಲ್ಪ ಹೊತ್ತು ಸುಮ್ಮನಿದ್ದರು.

‘ಅವನಿಗೂ ಕೊಳೆ ರೋಗ ಬರುತ್ತೇನೋ ಕೇಳಬೇಕಿತ್ತು’ ಅಂದರು.